ವೀಳ್ಯ ಕೊಟ್ಟು ಕಳುಹಿಸಿದ ಉಸ್ತಾದರು

ಮೊನ್ನೆ ಬೆಳಗ್ಗೆ ಸೊಸೆ ಮೊಮ್ಮಗನಿಗೆ ಹರಳೆಣ್ಣೆ ಹಚ್ಚಿ ಎಳೆಬಿಸಿಲಿಗೆ ಬಿಟ್ಟಿದ್ದಳು. ಹಿತ್ತಲ ಗೋಡೆ ಮೆತ್ತಲು ತರಿಸಿದ ಕೆಮ್ಮಣ್ಣಿನ ಗುಡ್ಡೆ ಅಂಗಳದಲ್ಲೇ ಬಿದ್ದಿತ್ತು. ಆ ಪುಂಡ ಅದರಲ್ಲಿ ಮನಸಾರೆ ಹೊರಳಾಡಿ, ಓಡಿಬಂದು ನನ್ನ ತೊಡೆ ಏರಿ ಕುಳಿತ. ಸೊಸೆ ಬೈಯುತ್ತಿದ್ದಳು, ನನಗೆ ಅದು ಕಿವಿಗೇ ಬೀಳಲಿಲ್ಲ. ಎಣ್ಣೆ, ಕೆಮ್ಮಣ್ಣು, ಬೆವರು... ಮೂರೂ ಕೂಡಿದ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ದುರ್ಗದ ಕೋಟೆಯ ಬುಡದಲ್ಲಿದ್ದ ಗರಡಿಮನೆ, ಅದರ ತಗ್ಗು ಬಾಗಿಲು, ಆ ಬಾಗಿಲಲ್ಲಿ ತಲೆ ಬಗ್ಗಿಸಿ ಹೊರಬರುತ್ತಿದ್ದ ನಮ್ಮ ಉಸ್ತಾದರು ಎಲ್ಲ ಕಣ್ಣಮುಂದೆ ಬಂತು. ಮಗುವನ್ನು ಕೆಳಗಿಳಿಸಿ ಒಳಗೆ ಹೋದೆ. ನನ್ನ ಮುಖ ಸಣ್ಣಗಾದದ್ದನ್ನು ಸೊಸೆ ನೋಡುವುದು ಬೇಡವೆನಿಸಿತು.

ಮಾರಿಕಣಿವೆಯಲ್ಲಿ ವೇದಾವತಿ ಹೊಳೆಗೆ ಅಡ್ಡಲಾಗಿ ಕಟ್ಟೆ ಏಳುತ್ತಿದ್ದ ಕಾಲ ಅದು. ನಮ್ಮ ಕಡೆ ಕುಸ್ತಿ ಕಲಿಸುವವರು ಯಾವ ಜಾತಿಯವರೇ ಆಗಲಿ, ಅವರನ್ನು ಉಸ್ತಾದರೆಂದೇ ಕರೆಯುತ್ತಿದ್ದರು. ನಮ್ಮ ಉಸ್ತಾದರನ್ನು ನೋಡಿದರೆ ಯಾರಿಗೂ ಪೈಲ್ವಾನರೆನಿಸುತ್ತಿರಲಿಲ್ಲ. ಗಿಡ್ಡ ಆಳು, ಬಿಳಿಯಾಗುತ್ತಿದ್ದ ಮೀಸೆ, ಮಾತು ಬಹಳ ಕಡಿಮೆ. ಅಖಾಡದ ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಸಿನ ಬೆರೆಸಿ ಹದ ಮಾಡುವ ಕೆಲಸವನ್ನು ಮಾತ್ರ ಅವರು ಯಾರಿಗೂ ಬಿಡುತ್ತಿರಲಿಲ್ಲ. ನಾನು ಹೊಳಲ್ಕೆರೆ ಕಡೆಯ ಹಳ್ಳಿಯವನು. ಅವರ ಮನೆಯಲ್ಲೇ ಮಲಗಿ, ಅವರ ಹೆಂಡತಿ ಇಕ್ಕಿದ ಮುದ್ದೆ ಉಂಡು ಆಳಾದವನು. ಆಕೆಯನ್ನು ನಾನು ಅಮ್ಮ ಎಂದೇ ಕರೆಯುತ್ತಿದ್ದೆ.

ಗರಡಿಗೆ ಉಸ್ತಾದರು ಒಬ್ಬರೇ, ಯಜಮಾನರು ಮಾತ್ರ ಊರ ತುಂಬ! ಹುಟ್ಟಿದಾಗಿನಿಂದ ಲಂಗೋಟಿ ಕಟ್ಟದವರು, ಒಂದು ದಂಡ ಹೊಡೆದರೆ ಏದುಸಿರು ಬಿಡುವವರು, ಕಂಬಳಿ ಅಂಗಡಿಯ ಜಗಲಿಯ ಮೇಲೆ ಕುಳಿತು ಯಾರು ಯಾವ ಪಟ್ಟು ಹಾಕಬೇಕಿತ್ತು ಎಂದು ತೀರ್ಪು ಕೊಡುತ್ತಿದ್ದರು. ನವರಾತ್ರಿಯಲ್ಲಿ ನಮಗೂ ಹಿರಿಯೂರಿನ ಗರಡಿಗೂ ಬೆಳ್ಳಿ ಕಡಗದ ಕುಸ್ತಿ ನಡೆಯುತ್ತಿತ್ತು. ವರ್ಷ ವರ್ಷವೂ ಕಡಗ ಹಿರಿಯೂರಿನ ಪಾಲು. ಅಲ್ಲಿ ಒಬ್ಬ ಪೈಲ್ವಾನನಿದ್ದ, ಅವನ ಕತ್ತು ನಮ್ಮವರ ಸೊಂಟದಷ್ಟಿತ್ತು. ಸೋತ ಮರುದಿನ ಜಗಲಿಯವರು ಉಣ್ಣುತ್ತಲೂ ಇರಲಿಲ್ಲ ಎಂದು ಅವರ ಹೆಂಡಿರು ಗೊಣಗುತ್ತಿದ್ದರು.

ಒಂದು ವರ್ಷ ಆ ಪೈಲ್ವಾನನಿಗೂ ಅವನ ಉಸ್ತಾದನಿಗೂ ಮನಸ್ತಾಪ ಬಂತೆಂಬ ಸುದ್ದಿ ಬಂತು. ಕಂಬಳಿ ಅಂಗಡಿಯ ಯಜಮಾನರು ಅಂದೇ ಗಾಡಿ ಕಟ್ಟಿಸಿಕೊಂಡು ಹಿರಿಯೂರಿಗೆ ಹೋಗಿ, ಅಲ್ಲಿನ ಹಿರಿಯರ ಜೊತೆ ಮಾತಾಡಿ ಬಂದರು. ಪೈಲ್ವಾನ ದುರ್ಗಕ್ಕೆ ಬರಲು ತಯಾರು. ಬದಲಿಗೆ ಬೆಳೆಯುತ್ತಿರುವ ಇಬ್ಬರು ಹುಡುಗರನ್ನು ಹಿರಿಯೂರಿಗೆ ಕೊಡಬೇಕು. ನಮ್ಮಲ್ಲಿ ಕೊಡುವಂಥವರು ಇದ್ದದ್ದೇ ಇಬ್ಬರು. ನಾನು ಮತ್ತು ಹೊಸದುರ್ಗ ಕಡೆಯ ನನ್ನ ಜೊತೆಗಾರ. ಉಳಿದವರೆಲ್ಲ ಇನ್ನೂ ಮೀಸೆ ಮೂಡದ ಚಿಳ್ಳೆಗಳು.

ಜಗಲಿಯ ಮೇಲೆ ಚರ್ಚೆ ಕೂತಿತು. ನಮ್ಮಿಬ್ಬರನ್ನೂ ಕರೆಸಿ ಮುಂದೆ ನಿಲ್ಲಿಸಿಕೊಂಡೇ ಮಾತಾಡಿದರು. ಒಬ್ಬರು ನನ್ನ ತೊಡೆ ಅಮುಕಿ ನೋಡಿದರು. ಇನ್ನೊಬ್ಬರು ಬಾಯಿ ತೆಗಿ ಅಂದಾರೇನೋ ಅಂದುಕೊಂಡೆ, ಅಷ್ಟೊಂದು ದೂರ ಹೋಗಲಿಲ್ಲ.

“ಬೆಳೆಯೋ ಸಿರಿ ಮೊಳಕೇಲೇ ಕಾಣ್ತೈತೆ ಕಣ್ರಪ್ಪ,” ಎಂದರು ಎಣ್ಣೆ ಗಾಣದ ಅಜ್ಜ. “ಇನ್ನೆರಡು ವರ್ಸ ತಡೀರಿ. ಈ ಹುಡುಗ್ರೇ ಕಡಗ ತರ್ತಾರೆ. ಕೈಯಾಗೆ ಬೆಣ್ಣೆ ಇಟ್ಕಂಡು ತುಪ್ಪಕ್ಕೆ ಊರೆಲ್ಲಾ ಅಲೀತೀರಲ್ರಿ!”

“ಎರಡು ವರ್ಸ ನಾನು ಬದುಕಿರ್ತೀನೋ ಇಲ್ವೋ!” ಎಂದು ಕಂಬಳಿ ಯಜಮಾನರು ಸಿಟ್ಟಾದರು. “ಮೊಳಕೆ ತಗಂಡು ಏನ್ ಮಾಡಾಣ? ಮಳೆ ಬರ್ತೈತೋ, ಕುರಿ ಮೇಯ್ತೈತೋ ಯಾರಿಗ್ ಗೊತ್ತು? ಕಣ್ಣೆದುರಿಗೆ ತೆನೆ ಐತೆ, ಕುಯ್ಕಂಡು ಬರಾಣ!”

ಜಗಲಿಯಲ್ಲಿ ಹೋ ಎಂದು ನಗು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳೇ? ನಾನು ಅಲ್ಲೇ ನಿಂತು ಕಾಲ್ಬೆರಳಿನಿಂದ ನೆಲ ಕೆರೆಯುತ್ತಿದ್ದೆ. ಅವರು ನನ್ನನ್ನು ಬೇಡವೆಂದರು ಎಂಬ ಅವಮಾನ ಒಂದು ಕಡೆ. ಬೇಕು ಅನ್ನಿಸಿಕೊಳ್ಳಲು ಎದೆ ಉಬ್ಬಿಸಿ ನಿಂತಿದ್ದೆನಲ್ಲ, ಆ ನಾಚಿಕೆ ಇನ್ನೊಂದು ಕಡೆ.

ಆದರೆ ಉಸ್ತಾದರ ಒಪ್ಪಿಗೆಯಿಲ್ಲದೆ ಇದು ನಡೆಯುವ ಹಾಗಿರಲಿಲ್ಲ. ಒಂದು ಗರಡಿಯ ಹುಡುಗ ಇನ್ನೊಂದಕ್ಕೆ ಹೋಗಬೇಕಾದರೆ ಅವನ ಉಸ್ತಾದರೇ ಕೈಯಾರೆ ವೀಳ್ಯ ಕೊಟ್ಟು ಕಳುಹಿಸಬೇಕು. ವೀಳ್ಯ ಕೊಟ್ಟರೆ ಋಣ ಹರಿದಂತೆ. ಆಮೇಲೆ ಅವನು ಹಳೆಯ ಗರಡಿಯವರ ಮುಂದೆಯೂ ತೊಡೆ ತಟ್ಟಬಹುದು. ವೀಳ್ಯ ಪಡೆಯದೆ ಹೋದವನು ಎಲ್ಲೇ ಇರಲಿ, ತನ್ನ ಹಳೆಯ ಗರಡಿಯವರ ಮೇಲೆ ಕೈ ಎತ್ತುವಂತಿಲ್ಲ.

ಉಸ್ತಾದರು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. “ಅವನಿಗೆ ಅವನ ಉಸ್ತಾದ ವೀಳ್ಯ ಕೊಟ್ಟಾನೇನ್ರಿ?”

“ಅದೆಲ್ಲಾ ಆಮ್ಯಾಲೆ ಆಗ್ತೈತೆ, ಮೊದ್ಲು ಆಳು ಬರ್ಲಿ ಬಿಡ್ರಿ,” ಎಂದರು ಯಜಮಾನರು. ಗರಡಿಯ ಮಾಡು, ಎಣ್ಣೆ, ಮಜ್ಜಿಗೆ ಎಲ್ಲ ಅವರ ಕೃಪೆಯಿಂದಲೇ ನಡೆಯುತ್ತಿತ್ತು. ಮರುದಿನ ಉಸ್ತಾದರು ಸ್ನಾನ ಮಾಡಿ ಬಂದು, ಎಲೆಯಲ್ಲಿ ಅಡಿಕೆ ಇಟ್ಟು ಮೊದಲು ಜೊತೆಗಾರನಿಗೆ, ಆಮೇಲೆ ನನ್ನ ಕೈಗೆ ಕೊಟ್ಟರು. ನನ್ನ ಮುಖ ನೋಡಲಿಲ್ಲ. ಅಮ್ಮ ಒಳಗಿನಿಂದ ಬುತ್ತಿ ತಂದು, “ಅಲ್ಲಿ ಹೊಟ್ಟೆ ತುಂಬಾ ಇಕ್ತಾರೇನು ಅಂತ ಕೇಳ್ರಿ ಒಂದ್ ಮಾತು,” ಎಂದು ಗಂಡನಿಗೆ ಹೇಳಿದರು. ಉಸ್ತಾದರು ಬುತ್ತಿಯನ್ನು ಗಾಡಿಯಲ್ಲಿಟ್ಟರು. ಬೇಡ ಎಂದು ಒಂದು ಮಾತು ಅಂದಿದ್ದರೆ ನಾನು ಸಾಯುವವರೆಗೂ ಅವರ ಬಾಗಿಲಲ್ಲೇ ಬಿದ್ದಿರುತ್ತಿದ್ದೆ. ಅವರು ಅನ್ನಲಿಲ್ಲವೆಂಬ ಸಿಟ್ಟು ಗಾಡಿಯಲ್ಲಿ ನನ್ನ ಜೊತೆಯೇ ಹಿರಿಯೂರಿಗೆ ಬಂತು.

ಹಿರಿಯೂರಿನಲ್ಲಿ ಹೊಟ್ಟೆ ತುಂಬ ಇಕ್ಕಿದರು, ನಿಜ. ಜೊತೆಗಾರ ತಿಂಗಳು ತುಂಬುವುದರೊಳಗೆ ಊರಿಗೆ ಓಡಿಹೋಗಿ ನೇಗಿಲು ಹಿಡಿದ. ನಾನು ಉಳಿದೆ. ವೇದಾವತಿಯ ಮರಳಲ್ಲಿ ಓಡಿದೆ, ಎಳನೀರು ಕುಡಿದೆ, ಬೆಳೆದೆ. ದಂಡ ಹೊಡೆಯುವಾಗಲೆಲ್ಲ ಆ ಜಗಲಿ ಕಣ್ಣಮುಂದೆ ಇರುತ್ತಿತ್ತು. ತೋರಿಸ್ತೀನಿ ಇರ್ರಿ ನಿಮಗೆ ಎಂದು ಹಲ್ಲು ಕಚ್ಚುತ್ತಿದ್ದೆ.

ಮುಂದಿನ ನವರಾತ್ರಿಗೆ ಕುಸ್ತಿ ದುರ್ಗದಲ್ಲೇ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ಕಡಗ ಮೆರೆಸಲು ಜಗಲಿಯವರು ಡೊಳ್ಳಿನವರನ್ನೂ ಕರೆಸಿಟ್ಟಿದ್ದರು. ಹಿರಿಯೂರಿನ ಪರವಾಗಿ ನಾನು ಇಳಿದೆ. ಎದುರಿಗೆ ಆ ಪೈಲ್ವಾನ ಬರಬೇಕು. ಅವನು ಬಂದ, ಅಖಾಡದ ಅಂಚಿನಲ್ಲಿ ಮಣ್ಣು ಮುಟ್ಟಿ ನಮಸ್ಕಾರ ಮಾಡಿದ, ನನ್ನ ಹಿಂದೆ ಕುಳಿತಿದ್ದ ತನ್ನ ಹಳೆಯ ಉಸ್ತಾದನನ್ನು ನೋಡಿದ. ಅಲ್ಲೇ ಕುಳಿತುಬಿಟ್ಟ.

“ನಂಗೆ ನಮ್ಮ ಉಸ್ತಾದ್ರು ವೀಳ್ಯ ಕೊಟ್ಟಿಲ್ಲ. ಬ್ಯಾರೆ ಯಾವ ಊರಿನೋರ್ನಾದ್ರೂ ಕರೀರಿ, ಎತ್ತಿ ಒಗೀತೀನಿ. ನಮ್ಮ ಗರಡಿ ಹುಡುಗನ ಮ್ಯಾಲೆ ನಾನು ಕೈ ಎತ್ತಲ್ಲ.”

ಕಂಬಳಿ ಯಜಮಾನರು ಕೈ ಮುಗಿದರು, ಗದರಿದರು, ಹೊಸ ಪಟಕ ತೆಗೆದು ಅವನ ತಲೆಗೆ ಸುತ್ತಲೂ ಹೋದರು. ಅವನು ಜಗ್ಗಲಿಲ್ಲ. ನಾವು ಹುಡುಗರು ಸರಿಯಾಗಿ ವೀಳ್ಯ ಪಡೆದು ಹೋಗಿದ್ದೆವು. ಅವನಿಗೆ ಕೊಡಿಸುವುದನ್ನು ಆ ಬುದ್ಧಿವಂತರು ಮರೆತಿದ್ದರು. ಎದುರಾಳಿ ಇಳಿಯದಿದ್ದರೆ ದುರ್ಗದ ಗರಡಿ ಕುಸ್ತಿ ಆಡದೆಯೇ ಕಡಗ ಬಿಟ್ಟುಕೊಡಬೇಕು. ಅಂಥ ಮಾನಗೇಡು ಆ ಗರಡಿಗೆ ಎಂದೂ ಬಂದಿರಲಿಲ್ಲ. ಇಳಿಸಲು ಬೇರೆ ಯಾರಿದ್ದಾರೆ?

ಆಗ ಉಸ್ತಾದರು ಅಂಗಿ ಬಿಚ್ಚಿದರು.

ನಾನು ಹಿಂದೆ ಸರಿದೆ. ಅವರು ಹತ್ತಿರ ಬಂದು ನನಗೆ ಮಾತ್ರ ಕೇಳುವಂತೆ ಹೇಳಿದರು. “ವೀಳ್ಯ ಕೊಟ್ಟು ಕಳ್ಸೀನಿ. ಈಗ ನಾನು ನಿನ್ನ ಉಸ್ತಾದ ಅಲ್ಲಪ್ಪ. ಹಿಡಿ.”

ಅಲ್ಲಪ್ಪ ಅಂದರಲ್ಲ... ಆ ಮಾತು ನನಗೆ ಕೆಂಡ ತುಳಿದಂತಾಯಿತು. ಹಿಡಿದೆ. ಅವರು ಸುಮ್ಮನೆ ಸೋಲಲು ಬಂದವರಲ್ಲ. ಬಲವಾಗಿಯೇ ಹಿಡಿದರು, ಒಮ್ಮೆ ನನ್ನ ಮೊಣಕಾಲು ನೆಲಕ್ಕೆ ತಾಗಿಸಿದರು. ಮತ್ತೆ ಎದ್ದವನು ಅವರ ಕಾಲಿಗೆ ಕಾಲು ಕೊಟ್ಟು, ಸೊಂಟದ ಮೇಲೆ ಹೊತ್ತು ಎತ್ತಿದೆ. ಆಗಲೇ ನನಗೆ ಗೊತ್ತಾದದ್ದು, ಅವರು ಎಷ್ಟು ಹಗುರವಾಗಿದ್ದಾರೆಂದು. ಮಾಗಿಯ ಚಳಿಯಲ್ಲಿ ನನ್ನ ಮೇಲೆ ಕಂಬಳಿ ಹೊದಿಸುತ್ತಿದ್ದ ಕೈಗಳು ಗಾಳಿಯಲ್ಲಿ ಹಿಡಿತಕ್ಕೆ ತಡಕಾಡುತ್ತಿದ್ದವು. ಮೆಲ್ಲಗೆ ಇಳಿಸಬಹುದಿತ್ತು, ಬೆನ್ನು ತಾಗಿಸಿದರೆ ಸಾಕಿತ್ತು. ನಾನು ಎತ್ತಿ ಅಪ್ಪಳಿಸಿದೆ.

ದುರ್ಗದವರ ಗುಂಪಿನಿಂದಲೇ ಒಂದು ಕೂಗು ಎದ್ದಿತು. ಕಂಬಳಿ ಯಜಮಾನರ ಗಂಟಲು ಅದು.

“ಭಲೇ! ಯಾರ ಹುಡುಗ ಅಂದ್ಕಂಡೀರಿ? ನಮ್ಮ ಗರಡಿ ಹುಡುಗ ಕಣ್ರಪ್ಪ! ನಮ್ಮೋನು!”

ಜಗಲಿಯವರೆಲ್ಲ ಕುಣಿದರು. ಹೇಳಲು ನಾಲಿಗೆ ಏಳುವುದಿಲ್ಲ... ಉಸ್ತಾದರು ನನ್ನ ಕೆಳಗೆ ಮಣ್ಣಿನಲ್ಲಿ ಅಂಗಾತ ಬಿದ್ದಿದ್ದರು, ಉಸಿರಿಗೆ ಒದ್ದಾಡುತ್ತಿದ್ದರು, ಮತ್ತು ನನಗೆ ಆನಂದವಾಯಿತು. ನಮ್ಮೋನು ಅಂದರಲ್ಲ ಎಂದು ಆನಂದವಾಯಿತು. ನನ್ನನ್ನು ಕೊಟ್ಟು ಕಳೆದುಕೊಂಡವರ ಬಾಯಿಂದ ಆ ಒಂದು ಮಾತು ಕೇಳಲು ನಾನು ವರ್ಷವಿಡೀ ಬೆವರು ಸುರಿಸಿದ್ದೆ. ನನ್ನನ್ನು ಉಣಿಸಿ ಬೆಳೆಸಿದವರ ಎದೆಯ ಮೇಲೆ ಮೊಣಕಾಲೂರಿ ಅದನ್ನು ಕೇಳಿ ಹಲ್ಲು ಕಿರಿದೆ. ಉಸ್ತಾದರು ಆ ನಗುವನ್ನು ನೋಡಿದರು. ಎದ್ದು, ಪದ್ಧತಿಯಂತೆ ನನ್ನ ಕೈ ಮೇಲೆತ್ತಿ ಊರಿಗೆಲ್ಲ ತೋರಿಸಿದರು. ಆಮೇಲೆ ತಗ್ಗು ಬಾಗಿಲಲ್ಲಿ ಬಗ್ಗಿ ಒಳಗೆ ಹೋದರು. ಸೊಂಟ ಹಿಡಿದುಕೊಂಡು ಬಗ್ಗಿದ್ದನ್ನು ನಾನು ನೋಡಿದೆ. ಹಿಂದೆ ಹೋಗಿ ಕಾಲು ಹಿಡಿಯಬೇಕಿತ್ತು. ಡೊಳ್ಳಿನವರು ನನ್ನನ್ನು ಹೆಗಲ ಮೇಲೆ ಹೊತ್ತರು, ನಾನು ಹೊರಿಸಿಕೊಂಡೆ.

ಉಸ್ತಾದರು ಮತ್ತೆ ಅಖಾಡಕ್ಕೆ ಇಳಿಯಲಿಲ್ಲವಂತೆ, ಅಂಚಿನಲ್ಲಿ ಕುಳಿತೇ ಹೇಳಿಕೊಡುತ್ತಿದ್ದರಂತೆ. ನಾನು ನೋಡಲು ಹೋಗಲಿಲ್ಲ. ಹೋಗುವ ಮುಖ ಇರಲಿಲ್ಲ. ಕೆಲವು ವರ್ಷಗಳ ಮೇಲೆ ತೀರಿಕೊಂಡರೆಂದು ಹೇಳಿಕಳುಹಿಸಿದಾಗ ಮಾತ್ರ ಹೋದೆ. ಶಿಷ್ಯರೆಲ್ಲ ಸಾಲಾಗಿ ಬಂದು ಅಖಾಡದ ಮಣ್ಣನ್ನು ಒಂದೊಂದು ಹಿಡಿ ಅವರ ಎದೆಯ ಮೇಲೆ ಹಾಕುತ್ತಿದ್ದರು. ನಾನೂ ಒಂದು ಹಿಡಿ ತೆಗೆದುಕೊಂಡು ಸಾಲಿನಲ್ಲಿ ನಿಂತೆ. ಗಾಣದ ಅಜ್ಜ ನನ್ನ ಭುಜ ಹಿಡಿದು ಮೆತ್ತಗೆ ಪಕ್ಕಕ್ಕೆ ಕರೆದರು. “ತಪ್ಪು ತಿಳೀಬ್ಯಾಡಪ್ಪ. ನಿಂಗೆ ವೀಳ್ಯ ಆಗೈತಲ್ಲ... ಶಿಷ್ಯರು ಹಾಕ್ಲಿ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅಮ್ಮ ಬಾಗಿಲಲ್ಲಿ ಕುಳಿತು ನೋಡುತ್ತಿದ್ದರು. ನಾನು ಮಣ್ಣನ್ನು ಇದ್ದಲ್ಲಿಗೇ ಹಾಕಿ, ಹಿರಿಯೂರಿನಿಂದ ಬಂದವರ ನಡುವೆ ಹೋಗಿ ನಿಂತೆ.

ಈಗ ಅವರು ಯಾರೂ ಇಲ್ಲ. ಜಗಲಿಯವರೂ ಹೋದರು, ಅಮ್ಮನೂ ಹೋದರು. ಮಗುವನ್ನು ಇಳಿಸಿ ಒಳಗೆ ಹೋದ ಆ ದಿನವೇ, ಮಧ್ಯಾಹ್ನದ ಹೊತ್ತಿಗೆ ನಮ್ಮ ಹಿರಿಯೂರಿನ ಹುಡುಗರು ಬಂದರು. ಹೊಸ ಗರಡಿ ಕಟ್ಟುತ್ತಿದ್ದಾರೆ, ಪೂಜೆಯಲ್ಲಿ ಹಿರಿಯ ಪೈಲ್ವಾನರ ಗುರುವಿನ ಹೆಸರು ಹೇಳಿ ಮೊದಲ ಗುದ್ದಲಿ ಹಾಕಬೇಕಂತೆ. “ನಿಮ್ಮ ಉಸ್ತಾದ್ರು ಯಾರು ಹೇಳ್ರಿ ಅಜ್ಜಾರೆ,” ಎಂದರು. ಬಾಯಿಯವರೆಗೆ ಒಂದು ಹೆಸರು ಬಂತು. ಅದನ್ನು ನುಂಗಿಕೊಂಡು ಹಿರಿಯೂರಿನ ಉಸ್ತಾದರ ಹೆಸರು ಹೇಳಿದೆ. ಪದ್ಧತಿಯ ಪ್ರಕಾರ ಅದೇ ಸರಿ. ಹುಡುಗರು ಕೈಮುಗಿದು ಹೋದರು.