ಕೊಳವೆಗಿಂತ ಮೇಲಿನ ನೀರು

ಶಿಕಾರಿಪುರದ ಹತ್ತಿರ, ಮೆಕ್ಕೆಜೋಳದಿಂದ ಪಿಷ್ಟ ತೆಗೆಯುವ ಕಾರ್ಖಾನೆಯ ಲ್ಯಾಬಿನಲ್ಲಿ ನಾನು ಸುಮಾರು ಎರಡು ವರ್ಷ ಕೆಲಸ ಮಾಡಿದೆ. ಸೊರಬದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಕಾರ್ಖಾನೆಯ ಹಿಂದಿನ ಹಳ್ಳದ ನೀರನ್ನು ತಿಂಗಳಿಗೊಮ್ಮೆ ಪರೀಕ್ಷಿಸುವುದು ನನ್ನ ಕೆಲಸ. ನೀರು ತುಂಬಿಕೊಳ್ಳುವ ಜಾಗವನ್ನು ಮ್ಯಾನೇಜರರೇ ತೋರಿಸಿದ್ದರು: ನಮ್ಮ ಕೊಳಚೆಯ ಕೊಳವೆ ಹಳ್ಳಕ್ಕೆ ಸೇರುವ ಜಾಗಕ್ಕಿಂತ ಮೇಲೆ. ಅಲ್ಲಿ ನೀರು ತಿಳಿಯಾಗಿತ್ತು. ಯಾಕೆಂದು ನಾನು ಕೇಳಲಿಲ್ಲ.

ಆ ಅಂಕಿಗಳು ಕಂಪನಿಯ ಪರಿಸರ ವರದಿಗೆ ಹೋಗುತ್ತಿದ್ದವು. ವರದಿ ಚೆನ್ನಾಗಿದ್ದರೆ ಒಳ್ಳೆಯ ರೇಟಿಂಗ್. ರೇಟಿಂಗ್ ನೋಡಿ ದೊಡ್ಡ ಹೂಡಿಕೆದಾರರು ಬರುತ್ತಿದ್ದರು, ಷೇರಿನ ಬೆಲೆ ಏರುತ್ತಿತ್ತು. ಒಮ್ಮೆ ಹಾಗೆ ಏರಿದಾಗ ಮ್ಯಾನೇಜರ್ ಪೇಡಾ ಹಂಚಿದರು. "ನಿಮ್ಮ ನೀರೇ ಕಣಮ್ಮ ಷೇರನ್ನ ಎತ್ತಿದ್ದು," ಎಂದರು. ನನಗೆ ಹೆಮ್ಮೆಯಾಗಿತ್ತು.

ಹಳ್ಳದ ಕೆಳಗಡೆ ಎಮ್ಮೆ ಮೇಯಿಸುವ ಹೆಂಗಸೊಬ್ಬಳು ಒಂದು ಮಧ್ಯಾಹ್ನ ನನ್ನ ಬಾಟಲಿ ನೋಡಿ ಹತ್ತಿರ ಬಂದಳು.

"ನೀರು ಹೆಂಗೈತಿ ತಂಗಿ?"

"ಚೆನ್ನಾಗಿದೆ ಅಕ್ಕಾ."

"ಮತ್ತೆ ಎಮ್ಮೆ ಯಾಕ ಮೂಸಿ ನೋಡಿ ತಿರುಗ್ತಾವ? ಎಂಟು ದಿನ ಆತು, ಬಾಯೇ ಹಚ್ಚಿಲ್ಲ."

ಅವಳ ಹಿಂದೆ ನಡೆದೆ. ಕೆಳಗಡೆ ಕಲ್ಲುಗಳಿಗೆಲ್ಲ ಬೂದು ಲೋಳೆ ಹತ್ತಿತ್ತು. ಹುಳಿ ನಾತ. ಒಂದು ಕಪ್ಪೆಯೂ ಹಾರಲಿಲ್ಲ. ದಡದಿಂದ ಹತ್ತು ಮಾರು ದೂರದಲ್ಲೇ ಅವಳ ಮನೆಯ ಬಾವಿ.

"ಕುಡಿಯೋಕೆ?"

"ಇದ. ಇನ್ಯಾವುದೈತಿ?"

ಹಳ್ಳದ್ದನ್ನೂ ಬಾವಿಯದನ್ನೂ ತುಂಬಿಕೊಂಡು ಹೋಗಿ ಪರೀಕ್ಷಿಸಿದೆ. ಎರಡೂ ಕೆಟ್ಟಿದ್ದವು. ಹಾಳೆಯನ್ನು ಮ್ಯಾನೇಜರರ ಮುಂದಿಟ್ಟೆ. ಅವರು ನಿಧಾನವಾಗಿ ಓದಿ ಡ್ರಾಯರಿಗೆ ಹಾಕಿ ಬೀಗ ಹಾಕಿದರು.

"ಮುಂದಿನ ವಾರ ಹೂಡಿಕೆದಾರರು ಬರ್ತಾರೆ. ಯಾವಾಗಲೂ ತಗೊಳ್ಳೋ ಜಾಗದ್ದೇ ಬರೆದು ಸಹಿ ಮಾಡಿ."

"ಬಾವಿ ನೀರು ಕುಡೀತಿದ್ದಾರೆ ಸರ್."

ಅವರು ದನಿ ಏರಿಸಲಿಲ್ಲ. "ಇಷ್ಟು ತಿಂಗಳ ವರದಿಗಳಲ್ಲಿ ಇರೋ ಸಹಿ ಯಾರದಮ್ಮ?"

ಸಹಿ ಮಾಡದೆ ಹೊರಬಂದೆ. ಆ ಹೆಂಗಸಿನ ಮನೆಗೆ ಹೋಗಿ ಬಾವಿ ಮುಟ್ಟಬೇಡಿ ಎಂದು ಹೇಳಿದೆ. ನನ್ನ ತಪ್ಪನ್ನೂ ಸೇರಿಸಿ ತಾಲ್ಲೂಕು ಕಚೇರಿಗೆ ಅರ್ಜಿ ಬರೆದುಕೊಟ್ಟೆ, ಕೆಲಸ ಬಿಟ್ಟೆ.

ವರದಿ ಬೇರೆ ಯಾರದೋ ಸಹಿಯೊಂದಿಗೆ ಹೊರಬಂತು. ಮುಖಪುಟದಲ್ಲಿ ತಿಳಿನೀರಿನ ಚಿತ್ರ. ಷೇರು ಇನ್ನೂ ಏರಿತು. ಅರ್ಜಿಗೆ ಇವತ್ತಿನವರೆಗೂ ಉತ್ತರವಿಲ್ಲ.

ಕಳೆದ ತಿಂಗಳು ಆ ಹೆಂಗಸು ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಮೊಮ್ಮಗಳನ್ನು ಆಸ್ಪತ್ರೆಗೆ ಕರೆತಂದಿದ್ದಳು.

"ಬಾವಿ ಬಿಟ್ವಿ ತಂಗಿ," ಎಂದಳು. "ಅದಕ್ಕೂ ಮುಂಚೆ ಕುಡಿದದ್ದಕ್ಕ ಏನ್ ಮಾಡೋದು?"

ಮಗು ಅವಳ ಹೆಗಲ ಮೇಲೆ ಕಣ್ಣು ಮುಚ್ಚಿ ಮಲಗಿತ್ತು.