ಅಳು ಕೇಳಿಸದ ಕೋಣೆಯ ದೊಡ್ಡಮ್ಮ

ಕಾಲುಚೀಲದ ಕಾರ್ಖಾನೆಯನ್ನು ನಡೆಸುವವರಿಗೆ ಒಮ್ಮೊಮ್ಮೆ ತಮಾಷೆಯ ಬುದ್ಧಿ ಬರುವುದುಂಟು. ಹೆಣೆಯುವ ಯಂತ್ರದ ಮುಂದೆ ಹದಿನಾಲ್ಕು ವರ್ಷ ನಿಂತು ಎಡಗಿವಿ ಮಂದವಾದ ಹೆಂಗಸನ್ನು ಏನು ಮಾಡುವುದೆಂದು ತಲೆ ಕೆರೆದುಕೊಂಡು, ಕೊನೆಗೆ ಅವಳನ್ನು ಕೆಲಸಗಾರ್ತಿಯರ ಮಕ್ಕಳನ್ನು ನೋಡಿಕೊಳ್ಳುವ ಕೋಣೆಗೆ ಹಾಕಿದರು. ಕಿವಿ ಮಂದವಾದವಳಿಗೆ ಅಳುವ ಮಕ್ಕಳು ಒಳ್ಳೆ ಜೋಡಿ ಎಂದು ಆಫೀಸಿನಲ್ಲಿ ನಕ್ಕರಂತೆ. ಆಮೇಲೆ ಹತ್ತೊಂಬತ್ತು ವರ್ಷ ನಗುವ ಸರದಿ ಅವಳದಾಯಿತು. ಯಾಕೆಂದರೆ ಅವಳ ಕೋಣೆಯಲ್ಲಿ ಅಳುವೇ ಇರಲಿಲ್ಲ.

ಅವಳಿಗೆ ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಕಾರ್ಖಾನೆಯ ಅರ್ಧಕ್ಕರ್ಧ ಹೆಂಗಸರು ಅವಳಿಗಿಂತ ಎತ್ತರವಿದ್ದರು, ಅದು ಬೇರೆ ಮಾತು. ಹಾಲುಗೂಸುಗಳನ್ನು ಪಕ್ಕದ ಕೋಣೆಯಲ್ಲಿ ಇನ್ನೊಬ್ಬಳು ನೋಡಿಕೊಳ್ಳುತ್ತಿದ್ದಳು. ನಡೆಯುವ, ಬೀಳುವ, ಎದ್ದು ಮತ್ತೆ ಬೀಳುವ ಹದಿಮೂರು ಮಂದಿ ದೊಡ್ಡಮ್ಮನ ಪಾಲು. ಕೋಣೆಯಲ್ಲಿ ನೆಲಕ್ಕೆ ಚಾಪೆ, ಮೊಣಕಾಲೆತ್ತರದಲ್ಲಿ ಒಂದು ನಲ್ಲಿ, ಜಾಲರಿ ಹೊಡೆದ ಕಿಟಕಿ, ಮೂಲೆಗೊಂದು ಮೇಜು ಕುರ್ಚಿ, ಜೋಡಿ ಸಿಗದ ಕಾಲುಚೀಲಗಳು ತುಂಬಿದ ಬುಟ್ಟಿ. ಬಾಗಿಲು ಎರಡು. ಮುಂದಿನದು ಅಂಗಳಕ್ಕೆ, ಹಿಂದಿನದು ಬಟ್ಟೆ ಒಗೆಯುವ ಮನೆಯನ್ನು ಹಾಯ್ದು ಯಂತ್ರಗಳ ಶೆಡ್ಡಿಗೆ.

ದೊಡ್ಡಮ್ಮನ ವಿದ್ಯೆಯೆಲ್ಲ ಆ ಹಿಂದಿನ ಬಾಗಿಲಲ್ಲಿತ್ತು. ಬೆಳಿಗ್ಗೆ ಎಂಟಕ್ಕೆ ಐದು ನಿಮಿಷವಿರುವಾಗ ತಾಯಂದಿರು ಮಕ್ಕಳನ್ನು ಚಾಪೆಯ ಮೇಲೆ ಇಳಿಸುತ್ತಿದ್ದರು. ದೊಡ್ಡಮ್ಮ ಬಲಗೈಗೆ ಗುಂಡಿಯ ಕಣ್ಣು ಹೊಲಿದ ಹಸಿರು ಕಾಲುಚೀಲ ತೊಟ್ಟು ಕಿಟಕಿಯ ಬಳಿ ನಿಲ್ಲುತ್ತಿದ್ದಳು. ಕಾಲುಚೀಲ ಬಾಯಿ ತೆರೆಯುತ್ತಿತ್ತು, ಸೀನುತ್ತಿತ್ತು, ದೊಡ್ಡಮ್ಮನ ಮೂಗನ್ನೇ ನುಂಗುತ್ತಿತ್ತು. ಮಕ್ಕಳು ಕೇಕೆ ಹಾಕುವಷ್ಟರಲ್ಲಿ ತಾಯಂದಿರು ಚಪ್ಪಲಿ ಕೈಯಲ್ಲಿ ಹಿಡಿದು ಹಿಂದಿನ ಬಾಗಿಲಿನಿಂದ ಮಾಯ. ಸೈರನ್ ಕೂಗುವ ಹೊತ್ತಿಗೆ ಕೋಣೆಯಲ್ಲಿ ನಗು, ಶೆಡ್ಡಿನಲ್ಲಿ ಹಾಜರಿ. ಹೊಸದಾಗಿ ಬಂದ ತಾಯಂದಿರಿಗೆ ಅವಳು ಹೇಳಿಕೊಡುತ್ತಿದ್ದ ಮೊದಲ ಪಾಠ ಒಂದೇ. "ತಿರುಗಿ ನೋಡ್ಬೇಡ. ನೋಡಿದ್ಯೋ, ಕೆಟ್ಟೆ."

ಹೀಗೆ ದೊಡ್ಡಮ್ಮ ಸುಖವಾಗಿದ್ದಾಗ ಇಲಿಮರಿ ಬಂದ. ವಯಸ್ಸು ಒಂದು ವರ್ಷ ಎಂಟು ತಿಂಗಳು, ಹಲ್ಲು ಹನ್ನೆರಡು. ಕಾಲುಚೀಲದ ತುದಿ ಹೊಲಿಯುವ ಹುಡುಗಿಯ ಮಗ. ಬಂದ ಮೂರನೆಯ ವಾರಕ್ಕೆ ಐದು ಮಕ್ಕಳ ತೋಳಿನಲ್ಲಿ ತನ್ನ ಸಹಿ ಹಾಕಿದ್ದ. ಹಾಗೆಂದು ಕೋಪಿಷ್ಠನೇನಲ್ಲ. ಕಚ್ಚುವ ಮೊದಲು ಕೂಗುತ್ತಿರಲಿಲ್ಲ, ಕಚ್ಚಿದ ಮೇಲೆ ಓಡುತ್ತಿರಲಿಲ್ಲ. ಅಂಚೆಯವನು ಮುದ್ರೆ ಒತ್ತಿದ ಹಾಗೆ ಒತ್ತಿ, ಗೋಡೆಗೆ ಬೆನ್ನು ಕೊಟ್ಟು ಕೂತುಬಿಡುತ್ತಿದ್ದ.

ಐದನೆಯ ಸಹಿ ಬಿದ್ದದ್ದು ಬೆಣ್ಣೆಯ ಮೇಲೆ. ಬೆಣ್ಣೆ ಎಂದರೆ ಪ್ಯಾಕಿಂಗ್ ಅಕ್ಕನ ಮಗಳು. ಕೈಕಾಲೆಲ್ಲ ಮಡಿಕೆ ಮಡಿಕೆ, ಕಚ್ಚಲೆಂದೇ ಮಾಡಿಟ್ಟ ಕೂಸು. ಪ್ಯಾಕಿಂಗ್ ಅಕ್ಕ ಮಗಳ ತೋಳನ್ನು ಸಾಕ್ಷಿಯಾಗಿ ಎತ್ತಿ ಹಿಡಿದುಕೊಂಡೇ ಸೂಪರ್‌ವೈಸರ್ ಹತ್ತಿರ ಹೋದಳು. ಅವನು ಗಂಟಲು ಸರಿಪಡಿಸಿಕೊಂಡು ತೀರ್ಪು ಕೊಟ್ಟ.

"ಶನಿವಾರದೊಳಗೆ ಕಚ್ಚೋದು ನಿಲ್ಬೇಕು ದೊಡ್ಡಮ್ಮ. ಇಲ್ಲಾಂದ್ರೆ ಮಗು ಇಲ್ಲಿ ಬೇಡ."

ಮಗು ಬೇಡವೆಂದರೆ ತಾಯಿಯೂ ಬೇಡವೆಂದೇ ಅರ್ಥ. ಆ ಹುಡುಗಿಗೆ ಮಗುವನ್ನು ಬಿಡಲು ಬೇರೆ ದಿಕ್ಕಿರಲಿಲ್ಲ. ಮಾತು ಕೇಳಿ ಅವಳು ಅಳಲಿಲ್ಲ, ವಾದಿಸಲಿಲ್ಲ. ಮಗನ ಮೂಗು ಒರೆಸಿ, ಶೆಡ್ಡಿಗೆ ಹೋಗಿ ಹೊಲಿಗೆಗೆ ಕೂತಳು.

ಸಲಹೆಗಳಿಗೇನು ಬರ. ಊಟದ ಹೊತ್ತಿಗೆ ತಲೆಗೊಂದು ಮಾತು ಬಂತು. ಹಲ್ಲು ಬರುವಾಗ ನವೆ, ಒಣರೊಟ್ಟಿ ಕೊಡಿ ಎಂದಳು ಒಬ್ಬಳು. ತಂದೆಯ ಕಡೆಯಿಂದ ಬಂದ ಬುದ್ಧಿ ಎಂದಳು ಇನ್ನೊಬ್ಬಳು, ತಂದೆಯನ್ನು ಕಣ್ಣಲ್ಲಿ ನೋಡದಿದ್ದರೂ. ಪ್ಯಾಕಿಂಗ್ ಅಕ್ಕನದು ಖಡಕ್ ಮದ್ದು. "ಒಂದ್ಸಲ ನೀವೇ ತಿರುಗಿ ಕಚ್ಚಿಬಿಡಿ ದೊಡ್ಡಮ್ಮ. ನೋವು ಏನೂಂತ ಗೊತ್ತಾಗ್ಲಿ."

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ತಾನೆ. ದೊಡ್ಡಮ್ಮ ಆಚೆ ಈಚೆ ನೋಡಿ, ಇಲಿಮರಿಯ ಮುಂಗೈಯನ್ನು ತುಟಿಯಿಂದ ಮೆಲ್ಲಗೆ ಕಚ್ಚಿದಳು. ಹಲ್ಲು ತಾಗಿಸಲು ಮನಸ್ಸಾಗಲಿಲ್ಲ. ಇಲಿಮರಿ ಅವಳ ಮುಖವನ್ನು ಬೆರಗಿನಿಂದ ನೋಡಿದ. ಬಂದಾಗಿನಿಂದ ಒಮ್ಮೆಯೂ ನಗದವನು ಗಹಗಹಿಸಿ ನಕ್ಕ. ದೊಡ್ಡವರೂ ಆಡುವ ಆಟವಿದು ಎಂದು ಖಾತ್ರಿಯಾಗಿ, ಹೋಗಿ ಇನ್ನೊಂದು ಮಗುವಿನ ಕಿವಿ ಕಚ್ಚಿದ. ಲೆಕ್ಕ ಆರಕ್ಕೇರಿತು. ಈ ಸಂಗತಿಯನ್ನು ದೊಡ್ಡಮ್ಮ ಯಾರಿಗೂ ಹೇಳಲಿಲ್ಲ.

ಮರುದಿನದಿಂದ ಅವಳು ಬುದ್ಧಿ ಹೇಳುವುದನ್ನು ಬಿಟ್ಟು ನೋಡಲು ಕೂತಳು. ಒಂದು ಕಿವಿ ಮಂದವಾದವರ ಕಣ್ಣು ಚುರುಕಿರುತ್ತದೆ. ಮೊದಲು ಕಣ್ಣಿಗೆ ಬಿದ್ದದ್ದು ಹೊತ್ತು: ಅವನು ಕಚ್ಚುವುದು ಬೆಳಿಗ್ಗೆಯೇ, ಎಂಟರಿಂದ ಒಂಬತ್ತರೊಳಗೆ. ಊಟದ ನಂತರ ಅವನಷ್ಟು ಸಾಧು ಇನ್ನೊಬ್ಬನಿಲ್ಲ. ಇನ್ನೊಂದು, ಆ ಹೊತ್ತಿನಲ್ಲಿ ಅವನ ಮುಷ್ಟಿಯಲ್ಲಿ ಏನಾದರೂ ಇದ್ದೇ ಇರುತ್ತಿತ್ತು. ಡಬ್ಬಿಯ ಮುಚ್ಚಳವೋ, ಒಂಟಿ ಕಾಲುಚೀಲವೋ. ಅದನ್ನು ಬಿಡುತ್ತಿರಲಿಲ್ಲ, ಅದರೊಂದಿಗೆ ಆಡುತ್ತಲೂ ಇರಲಿಲ್ಲ. ಯಾರಾದರೂ ಹಿಂದಿನಿಂದ ಹತ್ತಿರ ಬಂದರೆ ಹಲ್ಲು.

ಬುಧವಾರ ಎಲ್ಲ ಬಯಲಾಯಿತು. ಎಂಟಕ್ಕೆ ಐದು ನಿಮಿಷ. ದೊಡ್ಡಮ್ಮ ಹಸಿರು ಕಾಲುಚೀಲ ತೊಟ್ಟು ಸೀನಿಸಿದಳು. ಹನ್ನೆರಡು ಮಕ್ಕಳು ಕಿಟಕಿಯ ಕಡೆ ತಿರುಗಿ ನಕ್ಕವು. ಇಲಿಮರಿ ಮಾತ್ರ ಕಾಲುಚೀಲವನ್ನು ಕಂಡ ಕೂಡಲೇ ಗಕ್ಕನೆ ಹಿಂದಿನ ಬಾಗಿಲಿನ ಕಡೆ ತಿರುಗಿದ. ಅಷ್ಟರಲ್ಲಿ ತಾಯಿಯ ಹಿಮ್ಮಡಿ ಹೊಸ್ತಿಲು ದಾಟಿತ್ತು. ಅವನು ಖಾಲಿ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎದ್ದು, ಚಾಪೆ ದಾಟಿ ಬಂದು, ಹಸಿರು ಕಾಲುಚೀಲವನ್ನು ಎರಡು ಕೈಯಿಂದ ಹಿಡಿದು ಕಚ್ಚಿದ. ಒಳಗೆ ದೊಡ್ಡಮ್ಮನ ಬೆರಳುಗಳಿದ್ದವು.

ದೊಡ್ಡಮ್ಮ ಕೂಗಲಿಲ್ಲ. ನೋವಿಗಿಂತ ನಾಚಿಕೆ ಹೆಚ್ಚಾಗಿತ್ತು. ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಮಕ್ಕಳ ಕಣ್ಣಿಗೆ ಮಣ್ಣೆರಚಿದ್ದಳೋ. ಒಬ್ಬನಾದರೂ ಕಳ್ಳಿಯನ್ನು ಹಿಡಿದನಲ್ಲ! ಗೊಂಬೆ ಬಂದರೆ ಅಮ್ಮ ಹೋಗುತ್ತಾಳೆ. ನಗುತ್ತಾ ಮೈಮರೆತರೆ ಇದ್ದದ್ದೂ ಕೈತಪ್ಪುತ್ತದೆ. ಇಷ್ಟನ್ನು ಒಂದು ವರ್ಷ ಎಂಟು ತಿಂಗಳ ತಲೆ ತಾನೇ ಕೂಡಿಸಿ ಕಳೆದು ಕಂಡುಕೊಂಡಿತ್ತು. ಇಂಥ ಊರಿನಲ್ಲಿ ಯಾವ ಮಗು ತಾನೆ ಮುಚ್ಚಳ ಬಿಟ್ಟುಕೊಡುತ್ತದೆ, ಯಾರಿಗೆ ತಾನೆ ಬೆನ್ನು ಕೊಡುತ್ತದೆ?

ಸೂಪರ್‌ವೈಸರ್ ವಿಚಾರಿಸಲು ಬಂದಾಗ ಅವಳ ಬೆರಳಿಗೆ ಪಟ್ಟಿ ಸುತ್ತಿತ್ತು. ಅವನು ಫೋನನ್ನು ಮೇಜಿನ ಮೇಲಿಟ್ಟು ಪಟ್ಟಿಯನ್ನು ನೋಡಿದ.

"ನಿಮ್ಮನ್ನೂ ಬಿಡಲಿಲ್ವಾ! ಮುಗೀತು ಬಿಡಿ, ಶನಿವಾರ ಯಾಕೆ, ನಾಳೆನೇ..."

"ಸ್ವಲ್ಪ ಇಲ್ಲಿ ನೋಡಿ ಸಾರ್," ಎಂದು ದೊಡ್ಡಮ್ಮ ಕಾಲುಚೀಲ ತೊಟ್ಟ ಕೈಯನ್ನು ಅವನ ಮೂಗಿನ ಮುಂದೆ ತಂದು ಸೀನಿಸಿದಳು. ದೊಡ್ಡ ಮನುಷ್ಯನಾದರೂ ಅವನಿಗೂ ನಗು ಬಂತು. ನಕ್ಕು ಮುಗಿಸಿ ಕೈ ಚಾಚಿದರೆ ಮೇಜಿನ ಮೇಲೆ ಫೋನಿಲ್ಲ. ಎಡಜೇಬು, ಬಲಜೇಬು, ಕುರ್ಚಿಯ ಅಡಿ, ಎಲ್ಲ ಮುಟ್ಟಿ ನೋಡಿಕೊಂಡ. ಅವನ ಮುಖ ಕೆಂಪಾಯಿತು. "ಯಾರ್ರೀ ತಗೊಂಡಿದ್ದು? ತಮಾಷೆ ಮಾಡೋದಕ್ಕೂ ಒಂದು ಮಿತಿ ಬೇಡ್ವಾ!" ಎಂದು ಮೇಜು ಕುಟ್ಟಿದ. ಮಕ್ಕಳು ಆಟ ನಿಲ್ಲಿಸಿ ನೋಡಿದವು. ದೊಡ್ಡಮ್ಮ ಏಪ್ರನ್ನಿನ ಜೇಬಿನಿಂದ ಫೋನ್ ತೆಗೆದು ಕೊಟ್ಟಳು. ಅವನು ಕಸಿದುಕೊಂಡ.

"ಮತ್ತೆ ಮೇಜಿನ ಮೇಲಿಡಿ ಸಾರ್."

"ಯಾಕಿಡ್ಲಿ? ಇಡಲ್ಲ."

"ಎದೆಗೆ ಒತ್ಕೊಂಡಿದ್ದೀರಲ್ಲ, ಅದಕ್ಕೆ ಕೇಳ್ದೆ. ಫೋನ್ ಹೋಗಿದ್ದು ಒಂದೇ ನಿಮಿಷ. ಅವನ ಅಮ್ಮ ದಿನಾ ಹೋಗ್ತಾಳೆ, ನಾನೇ ಕಳಿಸ್ತೀನಿ, ಹೀಗೇ ನಗಿಸಿ. ನಿಮಗೆ ಬೈಯೋಕೆ ಬಾಯಿದೆ, ಕುಟ್ಟೋಕೆ ಮೇಜಿದೆ. ಅವನಿಗೆ ಇರೋದೇ ಹನ್ನೆರಡು ಹಲ್ಲು."

ಸೂಪರ್‌ವೈಸರ್ ಇಲಿಮರಿಯ ಕಡೆ ಒಮ್ಮೆ ನೋಡಿದ. "ಸರಿ, ಇನ್ನೊಂದು ವಾರ. ಮುಂದಿನ ಶನಿವಾರ ನಾನೇ ಬಂದು ನೋಡ್ತೀನಿ," ಎಂದು ಫೋನನ್ನು ಕೈಯಲ್ಲೇ ಹಿಡಿದುಕೊಂಡು ಹೊರಟ.

ಸೂಪರ್‌ವೈಸರನ್ನು ಗೆಲ್ಲುವುದು ಸುಲಭ, ತಾಯಂದಿರನ್ನು ಗೆಲ್ಲುವುದು ಕಷ್ಟ. ಊಟದ ಹೊತ್ತಿಗೆ ದೊಡ್ಡಮ್ಮ ಅವರ ನಡುವೆ ಹೋಗಿ ನಿಂತಳು. ನೀರು ಕುಡಿದು ಹೇಳಿಯೇಬಿಟ್ಟಳು.

"ತಪ್ಪು ನಂದು ಕಣ್ರಮ್ಮ. ನಾಳೆಯಿಂದ ಹಿಂದಿನ ಬಾಗಿಲು ಮುಚ್ಚಿರತ್ತೆ. ಎಲ್ರೂ ಮುಂದಿನ ಬಾಗಿಲಲ್ಲಿ ಮಗು ಮುಖ ನೋಡಿ, ಹೋಗಿ ಬರ್ತೀನಿ ಅಂತ ಹೇಳಿ ಹೋಗಿ. ಊಟದ ಹೊತ್ತಿಗೆ ಬರ್ತೀನಿ ಅಂದ್ರೆ ಬರ್ಲೇಬೇಕು."

"ಅಳ್ತಾವಲ್ಲ ದೊಡ್ಡಮ್ಮ!" ಎಂದಳು ಪ್ಯಾಕಿಂಗ್ ಅಕ್ಕ. "ಅಳದೇ ಇರೋ ಕೋಣೆ ಅಂತ ತಾನೆ ನಾವು ಬಿಟ್ಟು ಹೋಗ್ತಿದ್ದಿದ್ದು?"

ಆ ಮಾತು ನೆಟ್ಟಗೆ ಹೋಗಿ ನಾಟಿತು. ಹತ್ತೊಂಬತ್ತು ವರ್ಷದ ಬಿರುದು ಒಂದು ಊಟದಲ್ಲಿ ಕರಗಿದಂತಾಯಿತು. "ಅಳ್ಲಿ. ಅಳೋಕೆ ನಾನು ಬಿಡಲೇ ಇಲ್ಲ ಅವಕ್ಕೆ," ಎಂದಳು ದೊಡ್ಡಮ್ಮ. ಇಲಿಮರಿಯ ತಾಯಿ ಅನ್ನದ ಡಬ್ಬಿ ಮುಚ್ಚಿ ಮೆಲ್ಲಗೆ ಹೇಳಿದಳು. "ಅವನು ಅತ್ತರೆ ನನ್ನ ಕೈ ಯಂತ್ರದ ಮೇಲೆ ಓಡಲ್ಲ ದೊಡ್ಡಮ್ಮ. ಅದಕ್ಕೇ ತಿರುಗಿ ನೋಡ್ತಿರ್ಲಿಲ್ಲ."

"ಗೊತ್ತು ಮಗಳೇ. ಓಡದಿದ್ರೆ ಓಡದಿರ್ಲಿ. ಒಂದ್ಸಲ ನೋಡು."

ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಕಾರ್ಖಾನೆಯಲ್ಲಿ ಸೈರನ್ ಯಾರಿಗೂ ಕೇಳಿಸಲಿಲ್ಲ. ಹನ್ನೆರಡು ಗಂಟಲು ಒಟ್ಟಿಗೆ ತೆರೆದಿದ್ದವು. ಮೊದಲು ಬೆಣ್ಣೆ ಶುರು ಮಾಡಿದಳು, ಆಮೇಲೆ ಯಾಕೆ ಅಳುತ್ತಿದ್ದೇವೆಂದು ತಿಳಿಯದವರೂ ಸೇರಿಕೊಂಡರು. ಒಗೆಯುವ ಮನೆಯವರು ಬೆಂಕಿ ಬಿತ್ತೆಂದು ಓಡಿಬಂದರು. ದೊಡ್ಡಮ್ಮನ ಮಂದ ಕಿವಿಗೂ ಅಂದು ಪೂರ್ತಿ ಕೇಳಿಸಿತು. ಅತ್ತು ಬಂದವರನ್ನೆಲ್ಲ ಸರದಿಯಂತೆ ಮಡಿಲಿಗೆ ಎಳೆದುಕೊಂಡು "ಹೌದು, ಅಮ್ಮ ಹೋದ್ಲು. ಬೇಜಾರಾಯ್ತು ಅಲ್ವಾ? ಊಟಕ್ಕೆ ಬರ್ತಾಳೆ" ಎಂದು ಹದಿಮೂರು ಸಲ ಹೇಳಿದಳು.

ಹದಿಮೂರರಲ್ಲಿ ಒಂದು ವ್ಯರ್ಥ. ಇಲಿಮರಿ ಅಳಲೂ ಇಲ್ಲ, ಹತ್ತಿರ ಬರಲೂ ಇಲ್ಲ. ತಾಯಿ ಮುಖ ನೋಡಿ ಹೇಳಿ ಹೋದದ್ದು ಹೊಸ ಮೋಸವೋ ಏನೋ ಎಂಬಂತೆ ಗೋಡೆಗೆ ಒರಗಿ ಕೂತ. ಊಟಕ್ಕೆ ಅವಳು ಮುಂದಿನ ಬಾಗಿಲಲ್ಲೇ ಬಂದಾಗ ಮುಚ್ಚಳವನ್ನು ಕೆಳಗೆ ಹಾಕಿ ಎದ್ದ. ಶುಕ್ರವಾರ ಬಾಗಿಲನ್ನೇ ಕಚ್ಚಿದ. ಮರದ ಬಾಗಿಲು ದೂರು ಕೊಡುವುದಿಲ್ಲವಾದ್ದರಿಂದ ದೊಡ್ಡಮ್ಮ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಸೋಮವಾರ ಬೆಣ್ಣೆಯ ಕೈಯನ್ನು ಬಾಯಿಗೆ ಒಯ್ದವನು, ಏನು ಹೊಳೆಯಿತೋ, ವಾಪಸ್ಸು ಕೊಟ್ಟ. ಮಂಗಳವಾರ ಒಂದು ನಿಜವಾದ ಕಚ್ಚು, ಚಿಕ್ಕದು. ಬುಧ, ಗುರು, ಶುಕ್ರವಾರ ಏನಿಲ್ಲ. ಕೆಲಸ ಆಗುತ್ತಿದೆಯೋ ಇಲ್ಲವೋ ದೊಡ್ಡಮ್ಮನಿಗೇ ಖಾತ್ರಿಯಿರಲಿಲ್ಲ. ಮಕ್ಕಳ ಮನಸ್ಸು ಬೇಳೆಯಲ್ಲ, ಬೆಂದಿತೇ ಎಂದು ಒತ್ತಿ ನೋಡುವುದಕ್ಕೆ.

ಶನಿವಾರ ಸೂಪರ್‌ವೈಸರ್ ಬಾಗಿಲ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತ. ಅವನ ಹಿಂದೆ ಪ್ಯಾಕಿಂಗ್ ಅಕ್ಕ ಕೈಕಟ್ಟಿ ನಿಂತಳು. ಇಲಿಮರಿಯ ತಾಯಿ ಮಗನ ಮುಂದೆ ಮೊಣಕಾಲೂರಿದಳು.

"ಅಮ್ಮ ಹೋಗಿ ಬರ್ತೀನಿ. ಊಟಕ್ಕೆ ಬರ್ತೀನಿ."

ಎದ್ದು ಬಾಗಿಲು ದಾಟಿದಳು, ತಿರುಗಿ ನೋಡಿದಳು. ಕಣ್ಣು ತುಂಬಿದ್ದರೂ ಕೈ ಬೀಸಿದಳು. ಇಲಿಮರಿಯ ಕೆಳತುಟಿ ಒಂದು ಸಲ ಅದುರಿತು. ಇಷ್ಟು ದಿನ ಹಲ್ಲಿನ ಹಿಂದೆ ಹಿಡಿದಿಟ್ಟಿದ್ದದ್ದೆಲ್ಲ ಒಮ್ಮೆಗೇ ಹೊರಬಂತು. ಬಾಯಿ ಅಗಲ ಮಾಡಿ, ಉಸಿರು ಕಟ್ಟುವಂತೆ, ಇಡೀ ಅಂಗಳಕ್ಕೆ ಕೇಳುವಂತೆ ಅತ್ತ. ಅಳುತ್ತಲೇ ಸುತ್ತ ನೋಡಿದ. ಮುಷ್ಟಿ ಖಾಲಿಯಿತ್ತು. ತಪ್ಪು ಹೆಜ್ಜೆ ಹಾಕುತ್ತಾ ನೇರ ದೊಡ್ಡಮ್ಮನ ಕಡೆ ಬಂದ, ಮಡಿಲು ಹತ್ತಿದ, ಅವಳ ಕೊರಳು ಹಿಡಿದು ತೆರೆದ ಬಾಯಿಯನ್ನು ಹೆಗಲಿಗೆ ತಂದ.

ಪ್ಯಾಕಿಂಗ್ ಅಕ್ಕ "ಅಯ್ಯೋ, ಬಿಡಿಸ್ಕೊಳ್ಳಿ!" ಎಂದಳು. ದೊಡ್ಡಮ್ಮ ಕದಲಲಿಲ್ಲ. ಕಚ್ಚಿದರೆ ಮಗು ಹೋಗುತ್ತದೆ, ತಾಯಿ ಹೋಗುತ್ತಾಳೆ. ಸರಿದುಕೊಂಡರೆ ಮಗು ಇನ್ನೆಂದೂ ಬರುವುದಿಲ್ಲ. ಅವಳು ಎರಡು ಕೈಯಿಂದ ಅವನ ಬೆನ್ನು ತಬ್ಬಿ ಕಣ್ಣು ಮುಚ್ಚಿದಳು.

ಸೂಪರ್‌ವೈಸರ್ ಕುರ್ಚಿಯಿಂದ ಅರ್ಧ ಎದ್ದ. "ಏನಾಯ್ತು ದೊಡ್ಡಮ್ಮ? ಕಚ್ಚಿದ್ನಾ?"

ಹೆಗಲ ಮೇಲೆ ಬಿಸಿಯಾಗಿ, ಒದ್ದೆಯಾಗಿ, ಮೂಗು ಬಾಯಿ ಕಣ್ಣು ಎಲ್ಲ ಸೇರಿ ಇಳಿಯುತ್ತಿತ್ತು. ದೊಡ್ಡಮ್ಮ ಕಣ್ಣು ತೆರೆದಳು. ಹತ್ತೊಂಬತ್ತು ವರ್ಷ ಯಾವುದನ್ನು ಕೋಣೆಯೊಳಗೆ ಬಿಟ್ಟುಕೊಳ್ಳಲಿಲ್ಲವೋ, ಅದನ್ನೇ ಈಗ ಹೆಮ್ಮೆಯಿಂದ ಸಾರಿದಳು.

"ಇಲ್ಲ ಸಾರ್. ನನ್ನ ಹತ್ರ ಅಳ್ತಿದ್ದಾನೆ."