ಒಂಬತ್ತರ ಮುಂಚಿನ ಕೊಳವೆಗಳು

ಗೇಸಾ ಲ್ಯೂಡರ್ಸ್ ಬಾಣಂತಿ ರಜೆ ಮುಗಿಸಿಕೊಂಡು ಕಾರ್ಖಾನೆಗೆ ವಾಪಸಾದ ವಾರವೇ ಕೊಳವೆಗಳು ಸೀಳತೊಡಗಿದವು. ಎಲ್ಬೆ ನದಿಯ ದಂಡೆಯ ಆ ಸಣ್ಣ ಕಾರ್ಖಾನೆಯಲ್ಲಿ ಮೆಗ್ನೀಸಿಯಂ ಮಿಶ್ರಲೋಹದ ದಿಮ್ಮಿಗಳನ್ನು ಕಾಯಿಸಿ, ಶಾವಿಗೆ ಒತ್ತಿದ ಹಾಗೆ ಒತ್ತಿ ಕೊಳವೆ ತೆಗೆಯುತ್ತಾರೆ. ನಡೆಯಲಾರದ ಮಕ್ಕಳ ಗಾಲಿಕುರ್ಚಿಗೆ ಅವೇ ಚೌಕಟ್ಟು. ಅಮ್ಮಂದಿರು ಒಂದೇ ಕೈಯಲ್ಲಿ ಎತ್ತಿ ಕಾರಿಗೆ ಇಡುವಷ್ಟು ಹಗುರ. ಆದರೆ ಬಾಗಿಸುವಾಗಲೇ ಸೀಳಿದರೆ? ಶುಕ್ರವಾರ ಗಿರಾಕಿಗಳ ಎದುರು ಬಾಗಿಸಿ ತೋರಿಸಬೇಕು. ಅಲ್ಲೂ ಸೀಳಿದರೆ ಅವರು ಅಲ್ಯೂಮಿನಿಯಂ ಹುಡುಕಿಕೊಂಡು ಹೋಗುತ್ತಾರೆ, ಒತ್ತುಯಂತ್ರಕ್ಕೆ ಬೀಗ ಬೀಳುತ್ತದೆ.

ಲೋಹದ ಒಳಗನ್ನು ನೋಡುವುದು ಗೇಸಾಳ ಕಸುಬು. ಅದನ್ನು ಕಲಿಯಲು ಸೇರಿದಾಗ ಹಡಗುಕಟ್ಟೆಯ ಬೆಸುಗೆಗಾರನಾದ ಅಪ್ಪ, "ಕೂತ್ಕೊಂಡು ಕಬ್ಬಿಣ ನೋಡೋಕೂ ಸಂಬಳ ಕೊಡ್ತಾರಾ?" ಎಂದು ನಕ್ಕಿದ್ದ. ಚೂರು ಕತ್ತರಿಸಿ, ಅಂಟಿನಲ್ಲಿ ಕೂರಿಸಿ, ನೀರು ಸೋಕಿಸದೆ ಮದ್ಯಸಾರದಲ್ಲೇ ಉಜ್ಜಿ, ಹಳದಿ ದ್ರಾವಣದಲ್ಲಿ ಅದ್ದಿದರೆ ಸೂಕ್ಷ್ಮದರ್ಶಕದಡಿ ಲೋಹದ ಹರಳುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಹರಳು ಸಣ್ಣದಿದ್ದಷ್ಟೂ ಮೆಗ್ನೀಸಿಯಂ ಗಟ್ಟಿ, ಬಾಗಿದರೂ ತಾಳಿಕೊಳ್ಳುತ್ತದೆ. ಹರಳು ದಪ್ಪವಾದರೆ ಬಿರುಕನ್ನು ಅಡ್ಡಗಟ್ಟುವವರೇ ಇಲ್ಲ.

ಸೋಮವಾರ ಸೀಳಿದ ಕೊಳವೆಯ ಚೂರಿನಲ್ಲಿ ಅವಳಿಗೆ ಕಂಡದ್ದು ಹರಳುಗಳ ತುಂಬ ಚೂಪಾದ ಅಡ್ಡಗೆರೆಗಳು. ತಣ್ಣಗಿನ ಮೆಗ್ನೀಸಿಯಮ್ಮನ್ನು ಹಿಸುಕಿದರೆ ಬೀಳುವ ಗೆರೆಗಳವು. "ಬಾಗಿಸೋ ಮುಂಚೆ ಕೊಳವೇನ ಅತಿಯಾಗಿ ಬಿಗಿದಿದೀಯ" ಎಂದುಬಿಟ್ಟಳು. ಕೊಳವೆಯನ್ನು ಯಂತ್ರದ ಇಕ್ಕಳದಲ್ಲಿ ಬಿಗಿದು ಬಾಗಿಸುವವಳು ಇಮ್ಕೆ.

"ಹೌದಮ್ಮಾ, ಹಲ್ಲಲ್ಲೇ ಕಚ್ಚಿ ಹಿಡಿದಿದ್ದೆ!" ಎಂದು ಇಮ್ಕೆ ಬೆನ್ನು ತಿರುಗಿಸಿ ಹೋದಳು.

ಆ ರಾತ್ರಿ ಮಗು ಯೋಂಟೆಗೆ ಜ್ವರ ಬಂದೀತೇನೋ ಎಂದು ಮತ್ತೆ ಮತ್ತೆ ಹಣೆ ಮುಟ್ಟಿ ನೋಡುತ್ತಿದ್ದವಳಿಗೆ ಇನ್ನೊಂದು ದಿಗಿಲು ಹತ್ತಿತು. ಶಿಶುವಿಹಾರ ಮುಚ್ಚುವುದರೊಳಗೆ ಓಡಬೇಕೆಂದು ತಾನು ಚೂರನ್ನು ಗರಗಸದ ಇಕ್ಕಳದಲ್ಲಿ ಗಡಿಬಿಡಿಯಿಂದ ಬಿಗಿದಿದ್ದೆನಲ್ಲ? ಬೇಗ ಗಟ್ಟಿಯಾಗಲೆಂದು ಬಿಸಿ ಅಂಟಿನಲ್ಲಿ ಹಾಕಿ ಒತ್ತಿದ್ದೆನಲ್ಲ? ಹಾಗಾದರೆ ಹಿಸುಕಿದ್ದು ಯಾರು?

ಮರುದಿನ ಚೂರನ್ನು ಸಡಿಲವಾಗಿ ಹಿಡಿದು ನಿಧಾನ ಕತ್ತರಿಸಿದಳು, ತಣ್ಣನೆಯ ಅಂಟು ಸುರಿದು ಕಾದಳು. ಗೆರೆಗಳು ಮಾಯ! ಆದರೆ ಸಣ್ಣ ಹರಳುಗಳ ನಡುವೆ ಅಲ್ಲಲ್ಲಿ ಊದಿಕೊಂಡ ದಪ್ಪ ಹರಳುಗಳು.

ನೇರ ಇಮ್ಕೆಯ ಹತ್ತಿರ ಹೋದಳು. "ಹಿಸುಕಿದ್ದು ನಾನೇ. ತಪ್ಪಾಯ್ತು. ಸೀಳೋದು ಯಾವ ಕೊಳವೆಗಳು, ಹೇಳ್ತೀಯಾ?"

ಇಮ್ಕೆ ಕೈಲಿದ್ದ ಕೊಳವೆಯನ್ನು ಕೆಳಗಿಟ್ಟಳು. "ತಿಂಡಿಗೆ ಸ್ವಲ್ಪ ಮುಂಚೆ ಬರೋವು. ಬೇರೆಯವಕ್ಕಿಂತ ಜಾಸ್ತಿ ಸುಡ್ತಿರ್ತವೆ."

ಒಂಬತ್ತಕ್ಕೆ ತಿಂಡಿ. ಆ ಗಂಟೆ ಮೀರಿ ಒಂದು ನಿಮಿಷವೂ ಯಂತ್ರದ ಮುಂದೆ ನಿಲ್ಲದವನು ಒತ್ತುಯಂತ್ರ ನಡೆಸುವ ಹೆನ್ನಿಂಗ್. ಗೇಸಾ ಅವನ ಹತ್ತಿರ ಹೋದಳು.

"ತಿಂಡಿಗೆ ಮುಂಚಿನ ಕೊನೇ ದಿಮ್ಮೀನ ಯಾಕೆ ಅಷ್ಟು ಜೋರಾಗಿ ಒತ್ತಿ ಓಡಿಸ್ತೀಯ ಹೆನ್ನಿಂಗ್?"

"ಒಲೇಲಿ ಬಿಟ್ಟು ಹೋಗ್ಲಾ? ನನ್ನ ತಿಂಡಿ ರೊಟ್ಟಿ ಮೇಲೆ ಹಚ್ಚಿದ ಹಸಿ ಕೊಚ್ಚುಮಾಂಸ, ಅದು ನನಗೋಸ್ಕರ ಕಾಯುತ್ತಾ?"

"ರಭಸಕ್ಕೆ ತಿಕ್ಕಾಟದ ಕಾವು ಏರುತ್ತೆ. ಕಾವಿಗೆ ಹರಳು ಊದುತ್ತೆ."

"ನಿನ್ನೆ ಇಮ್ಕೆ, ಇವತ್ತು ನಾನು. ನಾಳೆ ಮಾಲೀಕನ ಸರದಿಯಾ?"

ಗೇಸಾಳ ಕಿವಿ ಬಿಸಿಯಾಯಿತು. ಆದರೂ ಕದಲಲಿಲ್ಲ. "ನಿನ್ನೆ ನಾನು ತಪ್ಪಿದೆ, ಅವಳಿಗೂ ಹೇಳಿದೀನಿ. ಇವತ್ತಿಂದು ನೀನೇ ಬಂದು ನೋಡು. ನೋಡೋವರೆಗೆ ನಾನು ಇಲ್ಲಿಂದ ಹೋಗಲ್ಲ."

ಗೊಣಗುತ್ತಲೇ ಬಂದ. ಸೂಕ್ಷ್ಮದರ್ಶಕದಡಿ ಮೊದಲು ನಿಧಾನ ಒತ್ತಿದ ಕೊಳವೆಯ ಚೂರು, ಆಮೇಲೆ ಓಡಿಸಿದ ಕೊಳವೆಯ ಚೂರು. ಎರಡನ್ನೂ ಮತ್ತೊಮ್ಮೆ ನೋಡಿದ.

"ಮತ್ತೆ ಇಷ್ಟೊಂದು ವ್ಯತ್ಯಾಸ ಇದೆ ಅಂತ ಮೊದಲೇ ಹೇಳೋದಲ್ವಾ? ಆ ಕೊನೇ ದಿಮ್ಮೀನ ತಿಂಡಿಗೆ ಮುಂಚೆ ಒಲೆಗೇ ಹಾಕಲ್ಲ, ಆಯ್ತಾ? ತಿಂಡಿ ಮಾತ್ರ ಒಂಬತ್ತಕ್ಕೇ."

ಶುಕ್ರವಾರ ಗಿರಾಕಿಗಳು ಬಂದರು. ಇಮ್ಕೆ ಮೊದಲ ಕೊಳವೆ ಬಾಗಿಸಿದಳು. ಸೀಳಲಿಲ್ಲ. ಗಿರಾಕಿಗಳಲ್ಲಿ ಹಿರಿಯಳಾದ ಹೆಂಗಸು ಬಾಗಿನ ಮೇಲೆ ಉಗುರಿನಿಂದ ಕೆರೆದು ನೋಡಿ, "ಆರಿಸಿ ಇಟ್ಟಿದ್ದು ಅನ್ಸುತ್ತೆ" ಎಂದಳು.

ಗೇಸಾ ಮುಂದೆ ಬಂದಳು. ರಾಶಿಯತ್ತ ಕೈ ತೋರಿಸಿ, "ಇವತ್ತು ಬೆಳಿಗ್ಗೆ ತಿಂಡಿಗೆ ಮುಂಚಿನವು ಅಲ್ಲಿವೆ. ನಿಮಗೆ ಬೇಕಾದ್ದು ಆರಿಸಿ" ಎಂದಳು.

ಹೆಂಗಸು ರಾಶಿಯ ಅಡಿಯಿಂದ ಒಂದನ್ನು ಎಳೆದು ತಂದಳು. ಅದೂ ಬಾಗಿತು, ಸೀಳದೆ. ಅವಳು ಇನ್ನೊಂದಕ್ಕೆ ಬಗ್ಗುವಷ್ಟರಲ್ಲಿ ಇಮ್ಕೆ ಇಕ್ಕಳ ಸಡಿಲಿಸಿ ಅದಕ್ಕಾಗಿ ಕಾಯುತ್ತಿದ್ದಳು.